ಹಾಡು ಹಚ್ಚುತ್ತಿದ್ದ ಅಂಗಡಿಗಳು

ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ಹಾಡನ್ನು ಹಾಕುವುದಿಲ್ಲ, ಹಚ್ಚುತ್ತಾರೆ. ದೀಪ ಹಚ್ಚಿದಂತೆ ರೇಡಿಯೋ ಹಚ್ಚುತ್ತಾರೆ, ಟೇಪು ಹಚ್ಚುತ್ತಾರೆ, ಹಿಂದೆ ರೆಕಾರ್ಡು ಹಚ್ಚುತ್ತಿದ್ದರು. "ಅಣ್ಣಾರ, ಆ ಪದಾ ಇನ್ನೊಮ್ಮೆ ಹಚ್ಚರಿ" ಎಂದು ಗಿರಾಕಿ ಕೇಳುವುದು, ಅಂಗಡಿಕಾರ ಕೈಯಲ್ಲಿದ್ದ ಕೆಲಸ ಬಿಟ್ಟು ಹಚ್ಚುವುದು, ಆ ಹಾಡಿಗೆ ದಾರಿಹೋಕರು ನಾಲ್ಕು ಮಂದಿ ನಿಲ್ಲುವುದು, ನಿಂತವರಲ್ಲಿ ಒಬ್ಬ ಕೊಳ್ಳುವುದು: ಸಂಗೀತದ ವ್ಯಾಪಾರ ಸುಮಾರು ಮುಕ್ಕಾಲು ಶತಮಾನ ನಡೆದದ್ದು ಹೀಗೆ. ಈಗ ಅದೇ ಪೇಟೆಯಲ್ಲಿ ಮೊಬೈಲಿನ ಕವಚ, ಚಾರ್ಜರು, ಗಾಜಿನ ಹಾಳೆ ಮಾರುವ ಅಂಗಡಿಗಳಿವೆ. ಹಾಡು ಬೇಕೆಂದು ಅಂಗಡಿಗೆ ಬರುವವರು ಇಲ್ಲ. ಹಾಡೇನೋ ಎಂದಿಗಿಂತ ಹೆಚ್ಚಾಗಿ ಕೇಳಿಬರುತ್ತಿದೆ. ಅದನ್ನು ಮಾರುವವನು ಮಾತ್ರ ನಡುವಿನಿಂದ ಹೊರಟುಹೋಗಿದ್ದಾನೆ.

ಆತ ಬಂದದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು.

1902ರಲ್ಲಿ ಲಂಡನ್ನಿನ ಗ್ರಾಮಾಫೋನ್ ಕಂಪನಿಯ ತಜ್ಞ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದಿಳಿದ. ಆ ನವೆಂಬರಿನಲ್ಲಿ ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡ. ಮುದ್ರಿಸಿದ ಮೇಣದ ಮೂಲಪ್ರತಿಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ತಟ್ಟೆಗಳಾಗಿ ಅಚ್ಚಾಗಿ ಮರಳಿ ಬರಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾರು ಹಾಡಿದ್ದೆಂದು ತಿಳಿಯಲೆಂದೇ ಗಾಯಕಿ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವ ಪದ್ಧತಿ ಬಂತು. 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ಶುರುವಾದ ಮೇಲೆ ತಟ್ಟೆಗಳು ಅಗ್ಗವಾದವು, ಬೇಗ ಬಂದವು. ಅಂದ ಹಾಗೆ ಇದೇ ಗೌಹರ್ ಜಾನ್ ಕೊನೆಯ ದಿನಗಳಲ್ಲಿ ಮೈಸೂರು ಆಸ್ಥಾನದ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ದೇಶದ ಮೊದಲ 'ರೆಕಾರ್ಡು ತಾರೆ'ಯ ಕಥೆ ಮುಗಿದದ್ದು ಕನ್ನಡ ನೆಲದಲ್ಲಿ.

ತಟ್ಟೆಯ ಮೂಲವಸ್ತು ಅರಗು. ಕೈಜಾರಿದರೆ ಒಡೆಯುತ್ತಿತ್ತು. ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ಮೂರು-ಮೂರೂವರೆ ನಿಮಿಷದ ಹಾಡು. ಉಕ್ಕಿನ ಸೂಜಿ ಬೇಗ ಸವೆಯುವುದರಿಂದ ಒಂದೆರಡು ಬದಿ ಆದ ಕೂಡಲೇ ಬದಲಿಸಬೇಕಿತ್ತು. ಹೀಗಾಗಿ ಅಂಗಡಿಯವನಿಗೆ ತಟ್ಟೆಗಿಂತ ಸೂಜಿಯ ಪುಟ್ಟ ಡಬ್ಬಿಯದೇ ನಿತ್ಯದ ವ್ಯಾಪಾರ. ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ: ಆ ಯಂತ್ರಕ್ಕೆ ವಿದ್ಯುತ್ತು ಬೇಕಿರಲಿಲ್ಲ. ಚಾವಿ ತಿರುಗಿಸಿದರೆ ಸಾಕು. ಲೈಟಿನ ಕಂಬ ಕಾಣದ ಹಳ್ಳಿಯ ಗೌಡರ ಚಾವಡಿಯಲ್ಲೂ, ಖಾನಾಪುರದ ಕಾಡಿನಂಚಿನ ಊರುಗಳಲ್ಲೂ ಅದು ಹಾಡುತ್ತಿತ್ತು.

ಬೆಳಗಾವಿಗೆ ಈ ವ್ಯಾಪಾರ ಒಗ್ಗಲು ಊರಿನ ಸ್ಥಾನವೇ ಕಾರಣ. 1956ರ ನವೆಂಬರ್ 1ರವರೆಗೆ ಜಿಲ್ಲೆ ಇದ್ದದ್ದು ಮುಂಬಯಿ ಆಡಳಿತದಲ್ಲಿ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲೇ ಲೋಂಡಾ, ಖಾನಾಪುರ, ಬೆಳಗಾವಿ, ಮೀರಜ, ಪುಣೆಗಳನ್ನು ಒಂದೇ ಎಳೆಯಲ್ಲಿ ಪೋಣಿಸಿತ್ತು. ಒಂದು ಕಡೆ ತಂಬೂರಿ, ಸಿತಾರ ತಯಾರಿಕೆಗೆ ಹೆಸರಾದ, ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ ಮೀರಜ. ಇನ್ನೊಂದು ಕಡೆ ಧಾರವಾಡ, ಹುಬ್ಬಳ್ಳಿ, ಕುಂದಗೋಳ. ಈ ಹಾದಿಯಲ್ಲಿ ನಾಟಕ ಕಂಪನಿಗಳು ಓಡಾಡುತ್ತಿದ್ದವು, ಹಿಂದೆಯೇ ಅವುಗಳ ಹಾಡಿನ ತಟ್ಟೆಗಳೂ ಓಡಾಡಿದವು. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬಾಲಗಂಧರ್ವರ ನಾಟ್ಯಗೀತೆಗಳ ತಟ್ಟೆಗಳಿಗೆ ಈ ಭಾಗದಲ್ಲಿ ಮನೆಮನೆಯ ಪರಿಚಯ ಇತ್ತೆಂದರೆ ಅದು ಹೊರಗಿನಿಂದ ಬಂದ ಚಟವೇನೂ ಅಲ್ಲ. ಅದೇ ಧಾಟಿಯಲ್ಲಿ ಹಾಡಿ ಹೆಸರಾಗಿ, ಕೊನೆಗೆ ಬಾಲಗಂಧರ್ವರ ಬಾಳಸಂಗಾತಿಯೂ ಆದ ಗೋಹರಬಾಯಿ ಕರ್ನಾಟಕಿ, ಅವರ ಸೋದರಿ ಅಮೀರಬಾಯಿ ಕರ್ನಾಟಕಿ ಇಬ್ಬರೂ ಬೀಳಗಿಯವರು.

ತಟ್ಟೆ ಮಾರಾಟದ ಸರಕಾಗಿದ್ದಷ್ಟೇ ಪಾಠಶಾಲೆಯೂ ಆಗಿತ್ತು. ಬೆಳಗಾವಿಯಿಂದ ಕೂಗಳತೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ ತಾನು ಹಾಗೆಯೇ, ತಾನು-ಪಲುಕು ಒಂದನ್ನೂ ಬಿಡದೆ ಹಾಡಿ ತೋರಿಸುತ್ತಿದ್ದ. ಆತನೇ ಕುಮಾರ ಗಂಧರ್ವ. ಅತ್ತ ಗದಗಿನಲ್ಲಿ ಬೆಳೆಯುತ್ತಿದ್ದ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಹಚ್ಚಿದ್ದ ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆ ಕೇಳಿ ಮರುಳಾಗಿ, 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟ ಕಥೆ ಎಲ್ಲರಿಗೂ ಗೊತ್ತಿರುವಂಥದೇ. ಆ ಕಥೆಯಲ್ಲಿ ಅಂಗಡಿಕಾರನ ಹೆಸರು ಯಾರೂ ಹೇಳುವುದಿಲ್ಲ. ಆದರೆ ತಟ್ಟೆ ಕೊಳ್ಳಲು ಕಾಸಿಲ್ಲದ ಹುಡುಗ ಬಾಗಿಲಲ್ಲಿ ನಿಂತು ಕೇಳಲು ಅಡ್ಡಿಪಡಿಸದವನೊಬ್ಬ ಅಲ್ಲಿದ್ದ ಎಂಬುದನ್ನು ಮರೆಯಬಾರದು.

ಮುಂದೆ ಈ ಭಾಗದವರೇ ತಟ್ಟೆಯೊಳಗೆ ಬಂದರು. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು 1930ರ ದಶಕದಲ್ಲಿ ಎಚ್‌ಎಂವಿಯಿಂದ 'ಗಾಂಧಾರಿ' ಎಂಬ ಹೆಸರಿನಲ್ಲಿ ಹೊರಬಂದವು. ಮಲ್ಲಿಕಾರ್ಜುನ ಮನಸೂರರೂ ಅದೇ ದಶಕದಲ್ಲಿ ಹಾಡಿದರು. ಎಚ್‌ಎಂವಿಗೆ ಸಂಗೀತ ನಿರ್ದೇಶಕರಾಗಿಯೂ ಕೆಲಸ ಮಾಡಿದರು. ಗಂಟೆಗಟ್ಟಲೆ ವಿಸ್ತರಿಸುವ ಖಯಾಲನ್ನು ಮೂರು ನಿಮಿಷಕ್ಕೆ ಇಳಿಸುವುದು ಸುಲಭದ ಮಾತಲ್ಲ. ಎಲ್ಲಿ ಹಿಡಿಯಬೇಕು, ಏನನ್ನು ಬಿಡಬೇಕು ಎಂಬ ಲೆಕ್ಕ ಗಾಯಕರಿಗೆ ಆ ಪುಟ್ಟ ತಟ್ಟೆ ಕಲಿಸಿತು. ಕೇಳುವವರಿಗೂ ಅದೊಂದು ಅಭ್ಯಾಸವಾಯಿತು. ಮುಂದಿನ ಸಿನಿಮಾ ಹಾಡು ಕೂಡ ಮೂರು-ನಾಲ್ಕು ನಿಮಿಷದ ಅಳತೆಯನ್ನು ಪಡೆದದ್ದರಲ್ಲಿ ಅರಗಿನ ತಟ್ಟೆಯ ಪಾಲು ದೊಡ್ಡದು.

ಬೆಳಗಾವಿಯ ಹಳೆಯ ಪೇಟೆ ಎಂದರೆ ಖಡೇಬಜಾರ, ಗಣಪತಗಲ್ಲಿ, ಮಾರುತಿಗಲ್ಲಿಗಳ ಸುತ್ತಲಿನ ಪ್ರದೇಶ. ಆಚೆ ದಂಡಿನವರ ಕ್ಯಾಂಪು. ಇಲ್ಲಿ ಹಾಡು ಮಾರಲು ಕೂರುವವನಿಗೆ ಒಂದು ಭಾಷೆ ಸಾಲದು. ಮದುವೆ ಜವಳಿಗೆಂದು ಖಾನಾಪುರ ಕಡೆಯಿಂದ ಬಂದ ಮರಾಠಿ ಕುಟುಂಬ ಅಭಂಗ ಕೇಳುತ್ತದೆ, ಬೈಲಹೊಂಗಲದ ರೈತ ಕನ್ನಡ ನಾಟಕದ ಹಾಡು ಕೇಳುತ್ತಾನೆ, ಹಿಂದಿ ಸಿನಿಮಾ ಎಲ್ಲರಿಗೂ ಬೇಕು, ಗೋವೆ ಸಂಪರ್ಕದವರಿಗೆ ಕೊಂಕಣಿ ಬೇಕು. ಮರಾಠಿಯವರು ತಟ್ಟೆಗೆ 'ತಬಕಡಿ' ಎನ್ನುತ್ತಾರೆ, ಕನ್ನಡದವರು 'ಪ್ಲೇಟು' ಎನ್ನುತ್ತಾರೆ. ಗಡಿಯ ಬಗ್ಗೆ ಎಷ್ಟೇ ಜಗಳವಿರಲಿ, ಭೀಮಸೇನ ಜೋಶಿಯವರ ಮರಾಠಿ ಸಂತವಾಣಿಯೂ ಕನ್ನಡ ದಾಸವಾಣಿಯೂ ಒಂದೇ ದನಿಯಲ್ಲಿ ಇದ್ದವು. ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವುದು ಇಲ್ಲಿನ ಅಂಗಡಿಗಳಿಗೆ ಸಹಜವಾಗಿತ್ತು.

ವ್ಯಾಪಾರದ ಕಟ್ಟುಪಾಡು ಮಾತ್ರ ಬಿಗಿಯಾಗಿತ್ತು. ನಾಯಿಯ ಗುರುತಿನ ಎಚ್‌ಎಂವಿ, ಅದರ ಒಡೆತನದ ಕೊಲಂಬಿಯಾ ಮುದ್ರೆಗಳದೇ ರಾಜ್ಯಭಾರ. ನಡುವೆ ಓಡಿಯನ್, ಮುಂಬಯಿಯ ಯಂಗ್ ಇಂಡಿಯಾ ಮುಂತಾದವು ತಲೆ ಎತ್ತಿದ್ದುಂಟು, ನಿಲ್ಲಲಿಲ್ಲ. ಕಂಪನಿಯ ಅಧಿಕೃತ ಮಾರಾಟಗಾರ ಎನಿಸಿಕೊಳ್ಳುವುದೇ ಪೇಟೆಯಲ್ಲಿ ಒಂದು ಮರ್ಯಾದೆ. ಹೊಸ ತಟ್ಟೆಗಳ ಪಟ್ಟಿ ತಿಂಗಳಿಗೊಮ್ಮೆ ಬರುತ್ತಿತ್ತು. ಅದರಲ್ಲಿ ಹಾಡಿನ ಸಾಹಿತ್ಯವನ್ನೂ ಅಚ್ಚು ಹಾಕಿಸುತ್ತಿದ್ದರು.

ಅಂಗಡಿಕಾರನ ಮಾತಿಗೆ ಇನ್ನೊಂದು ರೀತಿಯ ತೂಕವೂ ಬಂತು. 1952ರಲ್ಲಿ ಕೇಂದ್ರ ಸಚಿವ ಬಿ.ವಿ. ಕೇಸಕರ್ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಮಾಯವಾದಾಗ ಕೇಳುಗರು ರೇಡಿಯೋ ಸಿಲೋನ್ ಕಡೆ ತಿರುಗಿದರು. ಅದೇ ವರ್ಷದ ಕೊನೆಗೆ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ವಾರದ ಹಾಡುಗಳ ಶ್ರೇಣಿ ನಿರ್ಧರಿಸುವಾಗ ಅವರು ಆಧಾರವಾಗಿ ಇಟ್ಟುಕೊಂಡದ್ದರಲ್ಲಿ ಆಯ್ದ ಅಂಗಡಿಗಳ ತಟ್ಟೆ ಮಾರಾಟದ ವರದಿಯೂ ಒಂದು. ಗಲ್ಲಾದ ಮೇಲೆ ಕೂತವನ ಲೆಕ್ಕ ದೇಶವೇ ಕಿವಿಗೊಡುವ ತೀರ್ಪಾಗಿತ್ತು.

ಮನೆಗಾಗಿ ಕೊಳ್ಳುವವರು ಸ್ಥಿತಿವಂತರು, ಅದೂ ಕೆಲವರು. ಅಂಗಡಿಗಳನ್ನು ಸಾಕಿದ್ದು ಬೇರೆಯೇ ಗಿರಾಕಿಗಳು: ಹೋಟೆಲಿನವರು, ಮತ್ತು ಲೌಡ್‌ಸ್ಪೀಕರ್ ಬಾಡಿಗೆ ಕೊಡುವ ಮೈಕಿನವರು. ಖಾನಾಪುರದಂಥ ತಾಲ್ಲೂಕು ಕೇಂದ್ರದಲ್ಲಿ ಸಂಗೀತದ ವಿತರಕ ಎಂದರೆ ಮೈಕಿನವನೇ. ನಂದಗಡ, ಜಾಂಬೋಟಿ, ಕಕ್ಕೇರಿ ಕಡೆಯ ಮದುವೆ, ಜಾತ್ರೆಗಳಿಗೆ ಆತ ಎತ್ತಿನ ಗಾಡಿಯಲ್ಲಿ, ನಂತರ ಬಸ್ಸಿನ ಮೇಲೆ ಭೋಂಗಾ ಹೇರಿಕೊಂಡು ಹೋಗಬೇಕು. ಮರದ ಪೆಟ್ಟಿಗೆಯಲ್ಲಿ ತಟ್ಟೆಗಳು. ಬೆಳಗಿನ ಜಾವ ಭಕ್ತಿಗೀತೆ, ಅಕ್ಷತೆ ಬಿದ್ದ ಮೇಲೆ ಸಿನಿಮಾ ಹಾಡು, ಹೆಣ್ಣು ಒಪ್ಪಿಸುವಾಗ ಅಳಿಸುವ ಹಾಡು. ಈ ಕ್ರಮ ಅವನಿಗೆ ಬಾಯಿಪಾಠ. ಕಕ್ಕೇರಿಯ ಬಿಷ್ಟಾದೇವಿ ಜಾತ್ರೆಗೆ ಹೊಸ ಹಾಡಿಲ್ಲದೆ ಹೋದರೆ ಮುಂದಿನ ವರ್ಷದ ಕರೆ ಇನ್ನೊಬ್ಬನಿಗೆ. ಹೀಗಾಗಿ ಆತ ಬೆಳಗಾವಿಯ ಅಂಗಡಿಗೆ ತಪ್ಪದೆ ಬರುವ ಗಿರಾಕಿ. ಸಾವಿರಾರು ಜನ ಒಂದು ಹಾಡನ್ನು ಮೊದಲ ಸಲ ಕೇಳಿದ್ದು ಅವನ ಭೋಂಗಾದಲ್ಲಿ. ಸಂಗೀತದ ಚರಿತ್ರೆ ಬರೆದವರು ಅವನನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಐವತ್ತರ ದಶಕದ ಕೊನೆಗೆ ಲಾಂಗ್ ಪ್ಲೇ ತಟ್ಟೆಗಳು ಬಂದವು. ಒಡೆಯದ ವಿನೈಲು, ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಪೂರ್ತಿ ರಾಗ ಕೇಳುವ ಭಾಗ್ಯ ಮನೆಗೆ ಬಂತು. ಆದರೆ ಇದಕ್ಕೆ ಕರೆಂಟು ಬೇಕು, ಬೆಲೆಯೂ ಹೆಚ್ಚು. ಎಪ್ಪತ್ತರ ದಶಕದ ಆರಂಭಕ್ಕೆ ಭಾರತದಲ್ಲಿ 78 ಸುತ್ತಿನ ತಟ್ಟೆಗಳ ತಯಾರಿ ನಿಂತಾಗ ಕರೆಂಟಿಲ್ಲದ ಹಳ್ಳಿ ಹೊಸ ಸಂಗೀತದಿಂದ ಒಂದಷ್ಟು ಕಾಲ ದೂರವೇ ಉಳಿಯಿತು. ಮುಂದೆ ಬಂದ ಧ್ವನಿಸುರುಳಿ ಅಷ್ಟು ಬಿರುಸಿನಿಂದ ಹಬ್ಬಲು ಇದೂ ಒಂದು ಕಾರಣ.

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಭಾರತದಲ್ಲಿ ಅದು ಜನರ ಕೈಗೆ ಸಿಕ್ಕಿದ್ದು ಎಪ್ಪತ್ತರ ದಶಕದ ಕೊನೆಗೆ, ಆಮದಿನ ಬಿಗಿ ಸಡಿಲವಾದ ಮೇಲೆ. ಟಾರ್ಚಿನ ಸೆಲ್ಲಿನಲ್ಲಿ ನಡೆಯುತ್ತದೆ, ಹೊಲಕ್ಕೂ ಒಯ್ಯಬಹುದು, ಬಿದ್ದರೂ ಒಡೆಯದು. 1983ರಲ್ಲಿ ಗುಲ್ಶನ್ ಕುಮಾರ್ ಟಿ-ಸಿರೀಸ್ ಆರಂಭಿಸಿ ಬೆಲೆಯನ್ನು ಪಾತಾಳಕ್ಕೆ ಇಳಿಸಿದರು. ಹಾಡು ಮುದ್ರಣವಾಗಿ ಎರಡು ವರ್ಷ ಕಳೆದರೆ ನೋಟಿಸು, ಗೌರವಧನ ಕೊಟ್ಟು ಬೇರೆಯವರಿಂದ ಹಾಡಿಸಿ ಮಾರಬಹುದೆಂಬ 1957ರ ಕಾಪಿರೈಟ್ ಕಾಯ್ದೆಯ ಸಂದನ್ನು ಅವರು ಚೆನ್ನಾಗಿ ಬಳಸಿಕೊಂಡರು. (2012ರ ತಿದ್ದುಪಡಿ ಈ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು, ಅಷ್ಟರಲ್ಲಿ ಆ ವ್ಯಾಪಾರವೇ ಮುಗಿದಿತ್ತು.) ಎಂಬತ್ತರ ದಶಕದ ನಡುವಿಗೆ ದೇಶದಲ್ಲಿ ಮಾರಾಟವಾಗುವ ಮುದ್ರಿತ ಸಂಗೀತದಲ್ಲಿ ಶೇ. 95ರಷ್ಟು ಕ್ಯಾಸೆಟ್ಟೇ ಆಗಿತ್ತೆಂದು ಈ ವಿಷಯವನ್ನು ಆಳವಾಗಿ ಅಭ್ಯಸಿಸಿದ ಅಮೆರಿಕದ ಪೀಟರ್ ಮ್ಯಾನುಯೆಲ್ ಬರೆದಿದ್ದಾರೆ. ನಾಯಿ ಗುರುತಿನ ಏಕಸ್ವಾಮ್ಯ ಹತ್ತೇ ವರ್ಷದಲ್ಲಿ ಕುಸಿಯಿತು.

ಕನ್ನಡಕ್ಕೆ ಇದರಿಂದ ಆದ ಲಾಭ ಸಣ್ಣದಲ್ಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದು ಭಾವಗೀತೆಯ ಧ್ವನಿಸುರುಳಿಗಳಿಗೆ ಬಾಗಿಲು ತೆರೆಯಿತು. ಸಿ. ಅಶ್ವತ್ಥರ ಕಂಠದಲ್ಲಿ ಶಿಶುನಾಳ ಶರೀಫರು ಮನೆಮನೆಗೆ ಬಂದರು. ಬೆಂಗಳೂರಿನ ಸಂಗೀತಾ, ಲಹರಿ ಕಂಪನಿಗಳು ಬೆಳೆದವು. 1987ರ 'ಪ್ರೇಮಲೋಕ' ಲಕ್ಷಗಟ್ಟಲೆ ಮಾರಾಟವಾಯಿತು.

ಆದರೆ ಬೆಳಗಾವಿ ಜಿಲ್ಲೆಯ ಮಟ್ಟಿಗೆ ನಿಜವಾದ ಕ್ರಾಂತಿ ನಡೆದದ್ದು ಬಸ್‌ಸ್ಟ್ಯಾಂಡಿನ ಪಕ್ಕದ ಡಬ್ಬಿ ಅಂಗಡಿಗಳಲ್ಲಿ, ಜಾತ್ರೆಯ ಕೈಗಾಡಿಗಳಲ್ಲಿ. ಎಚ್‌ಎಂವಿಯ ಕಣ್ಣಿಗೆ ಬೀಳದ ಗೀಗೀ ಮೇಳಗಳು, ಚೌಡಿಕೆಯವರು, ಭಜನಾ ಮಂಡಳಿಗಳು, ಡೊಳ್ಳಿನ ಪದದವರು ಇವರಿಗೆ ಮೊದಲ ಬಾರಿಗೆ ಧ್ವನಿಮುದ್ರಣದ ಬಾಗಿಲು ತೆರೆಯಿತು. ತಟ್ಟೆ ಅಚ್ಚು ಹಾಕಲು ಕಾರ್ಖಾನೆಯೇ ಬೇಕು. ಸುರುಳಿಗೆ ಒಂದು ಕೋಣೆ, ಎರಡು ಯಂತ್ರ ಸಾಕು. ಗೋಕಾಕ ಸೀಮೆಯ ಶ್ರೀಕೃಷ್ಣ ಪಾರಿಜಾತ, ಬೈಲಹೊಂಗಲದಲ್ಲಿ ನಡೆದ ಕೊಲೆಯ ಕಥೆಯಾದ ಸಂಗ್ಯಾ ಬಾಳ್ಯಾ, ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಲಾವಣಿ, ಸವದತ್ತಿ ಎಲ್ಲಮ್ಮನ ಪದ, ಚಿಂಚಲಿ ಮಾಯಕ್ಕನ ಪದ ಇವೆಲ್ಲ ಸುರುಳಿಯ ಮೇಲೆ ಬಂದವು. ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಹೋದವರು ಭಂಡಾರ, ಬಳೆಯ ಜೊತೆಗೆ ಒಂದು ಕ್ಯಾಸೆಟ್ಟನ್ನೂ ಕಟ್ಟಿಕೊಂಡು ಬರುತ್ತಿದ್ದರು. ಬೆಳ್ಳನ ಬೆಳಗು ನಡೆಯುವ ಆಟವನ್ನು ಅರವತ್ತು ನಿಮಿಷಕ್ಕೆ ಇಳಿಸಿದ್ದರಿಂದ ಕಲೆ ಕೆಟ್ಟಿತೆಂದು ದೂರುವವರಿದ್ದರು. ಖಯಾಲನ್ನು ಮೂರು ನಿಮಿಷಕ್ಕೆ ಇಳಿಸಿದಾಗ ಆ ದೂರು ಇಷ್ಟು ಜೋರಾಗಿ ಕೇಳಿರಲಿಲ್ಲ.

ಕಲಾವಿದರಿಗೆ ದೊರೆತದ್ದೆಷ್ಟು? ಇಂಥ ವ್ಯವಹಾರಗಳಲ್ಲಿ ಒಮ್ಮೆಗೇ ಒಂದು ಮೊತ್ತ ಕೊಟ್ಟು ಹಕ್ಕು ಬರೆಸಿಕೊಳ್ಳುವುದೇ ಸಾಮಾನ್ಯ ಪದ್ಧತಿ. ಸುರುಳಿ ಎಷ್ಟು ಮಾರಿದರೂ ಮೇಳದವರಿಗೆ ಮತ್ತೆ ಕಾಸು ಬರುತ್ತಿರಲಿಲ್ಲ. ಬಂದದ್ದು ಹೆಸರು, ಹೆಸರಿನಿಂದ ಊರೂರಿನ ಕರೆ.

ಈ ಕಾಲದ ಅಂಗಡಿಗಳಲ್ಲಿ ಇನ್ನೊಂದು ಕಸುಬೂ ನಡೆಯುತ್ತಿತ್ತು, ಕಾನೂನಿಗೆ ಬೆನ್ನು ಹಾಕಿ. ಗಿರಾಕಿ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದುಕೊಟ್ಟು, ಖಾಲಿ ಕ್ಯಾಸೆಟ್ಟಿನ ದುಡ್ಡು ಕೊಟ್ಟು ಹೋದರೆ ನಾಲ್ಕು ದಿನ ಬಿಟ್ಟು ಬರುವಷ್ಟರಲ್ಲಿ ಎ ಬದಿ, ಬಿ ಬದಿ ತುಂಬಿಸಿ ಇಟ್ಟಿರುತ್ತಿದ್ದರು. ಯಾವ ಹಾಡಿನ ಹಿಂದೆ ಯಾವುದು ಬಂದರೆ ಚೆಂದ, ಕೊನೆಗೆ ಉಳಿದ ಎರಡು ನಿಮಿಷಕ್ಕೆ ಏನನ್ನು ಹೊಂದಿಸಬೇಕು ಎಂಬುದೆಲ್ಲ ಅಂಗಡಿಕಾರನ ರುಚಿಗೆ ಬಿಟ್ಟದ್ದು. ಗಿರಾಕಿ ಕೇಳದೇ ಇದ್ದ ಹಾಡೊಂದನ್ನು ಆತ ಸೇರಿಸಿಕೊಟ್ಟು, ಅದೇ ಅವರಿಗೆ ಮೆಚ್ಚುಗೆಯಾದದ್ದೂ ಉಂಟು. ಕಳ್ಳ ಪ್ರತಿ ಎಂಬುದು ನಿಜ. ಇದೇ ಚಾಳಿ ಮುಂದೆ ಅಂಗಡಿಯನ್ನೇ ನುಂಗಿತೆಂಬುದೂ ನಿಜ.

ನುಂಗಿದ ಬಗೆ ಹೀಗೆ. ತೊಂಬತ್ತರ ದಶಕದಲ್ಲಿ ಸಿ.ಡಿ. ಬಂತು, ಬೆಲೆ ಹೆಚ್ಚಿದ್ದರಿಂದ ಕ್ಯಾಸೆಟ್ಟನ್ನು ಅದು ಅಲುಗಾಡಿಸಲಿಲ್ಲ. 2000ದ ಸುಮಾರಿಗೆ ಎಂಪಿ-3 ಬಂತು. ಒಂದೇ ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಹಾಡು, ಅದೂ ಸಂತೆಯ ನೆಲದ ಮೇಲೆ ಚಿಲ್ಲರೆ ಕಾಸಿಗೆ. ಹಕ್ಕಿನ ಹಣ ಕೊಟ್ಟು ತರಿಸಿದ ಅಸಲಿ ಮಾಲು ಕಪಾಟಿನಲ್ಲೇ ಉಳಿಯಿತು. 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ' ಹಾಡುಗಳಿಗೆ ಜನ ಅಂಗಡಿಯ ಮುಂದೆ ನಿಂತದ್ದೇ ಕನ್ನಡದ ಮಟ್ಟಿಗೆ ಆ ವೈಭವದ ಕೊನೆಯ ನೋಟ ಎನ್ನಬಹುದು. ಆಮೇಲಿನದು ಮೆಮೊರಿ ಕಾರ್ಡಿನ ಕಾಲ. ಖಾನಾಪುರದಂಥ ಊರುಗಳಲ್ಲಿ ಮೊಬೈಲ್ ರಿಪೇರಿಯವನೇ ಕಂಪ್ಯೂಟರಿನಿಂದ ಹತ್ತಿಪ್ಪತ್ತು ರೂಪಾಯಿಗೆ ಕಾರ್ಡು ತುಂಬಿಸಿ ಕೊಡುತ್ತಿದ್ದ. ಚೀಟಿ ಬರೆದುಕೊಡುವ ಗೋಜೂ ಇಲ್ಲ. "ಹೊಸಾವು ಎಲ್ಲಾ ಹಾಕು" ಎಂದರೆ ಮುಗಿಯಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಆ ಕಸುಬಿಗೂ ಬೀಗ ಬಿತ್ತು. ಕಾರ್ಡಿನವನ ಆಯುಷ್ಯ ಹತ್ತು ವರ್ಷವೂ ಇರಲಿಲ್ಲ.

ದೊಡ್ಡ ಊರುಗಳ ದೊಡ್ಡ ಅಂಗಡಿಗಳೂ ಉಳಿಯಲಿಲ್ಲ. ಮ್ಯೂಸಿಕ್ ವರ್ಲ್ಡ್ ಸರಣಿ 2013ರಲ್ಲಿ, ಮುಂಬಯಿಯ ರಿದಂ ಹೌಸ್ 2016ರಲ್ಲಿ ಮುಚ್ಚಿದವು. ಕಂಪನಿಗಳು ಮಾತ್ರ ಸಾಯಲಿಲ್ಲ ಎಂಬುದು ಗಮನಿಸಬೇಕಾದದ್ದು. ಎಚ್‌ಎಂವಿಯ ವಾರಸುದಾರ ಸಾರೆಗಾಮ 2017ರಲ್ಲಿ ಐದು ಸಾವಿರ ಹಳೆಯ ಹಾಡು ತುಂಬಿದ 'ಕಾರವಾಂ' ಪೆಟ್ಟಿಗೆ ತಂದು ಹಿರಿಯರ ಮನ ಗೆದ್ದಿತು. ಟಿ-ಸಿರೀಸ್ 2019ರಲ್ಲಿ ಯೂಟ್ಯೂಬಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಚಂದಾದಾರರ ವಾಹಿನಿಯಾಯಿತು. ಹಾಡಿನ ಹಕ್ಕು ಇದ್ದವರು ಬದುಕಿದರು, ಹಾಡನ್ನು ಕೈಗೆ ಕೊಡುತ್ತಿದ್ದವರು ಹೋದರು.

ಇಷ್ಟೇ ಆಗಿದ್ದರೆ ಇದು ಹಳೆಯ ಕಸುಬೊಂದು ಅಳಿದ ಕಥೆ. ತೂಕದ ಪ್ರಶ್ನೆ ಬೇರೆ ಇದೆ: ಅಂಗಡಿಯಲ್ಲಿ ಉಳಿದ ಮಾಲಿನ ಗತಿ ಏನು?

ಅರಗಿನ ತಟ್ಟೆಗಳ ಬಗ್ಗೆ ಅಷ್ಟು ಚಿಂತೆ ಬೇಡ. ಒಡೆಯದಿದ್ದರೆ ನೂರು ವರ್ಷವಾದರೂ ಹಾಡುತ್ತವೆ. ಮುಂಬಯಿಯಲ್ಲಿ 1990ರಿಂದ ತಟ್ಟೆ ಸಂಗ್ರಾಹಕರ ಸಂಘ ಕೆಲಸ ಮಾಡಿದೆ. ಗೌಹರ್ ಜಾನ್ ಚರಿತ್ರೆ ಬರೆದ ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ ಸಂಗ್ರಹ ಸಾವಿರಾರು ಹಳೆಯ ತಟ್ಟೆಗಳನ್ನು ಅಂತರ್ಜಾಲಕ್ಕೆ ಏರಿಸಿದೆ. ಪ್ರಕಟವಾಗಿ 60 ವರ್ಷ ಕಳೆದ ಧ್ವನಿಮುದ್ರಣಕ್ಕೆ ಕಾಪಿರೈಟ್ ಇರುವುದಿಲ್ಲವಾದ್ದರಿಂದ ಕಾನೂನಿನ ತೊಡಕೂ ಇಲ್ಲ. ಅಬ್ದುಲ್ ಕರೀಂ ಖಾನರ ದನಿ ಕೇಳಲು ಇಂದು ಯಾರೂ ಅಂಗಡಿಯ ಬಾಗಿಲಲ್ಲಿ ನಿಲ್ಲಬೇಕಿಲ್ಲ.

ಆಪತ್ತು ಇರುವುದು ಕ್ಯಾಸೆಟ್ಟಿಗೆ, ಅದರಲ್ಲೂ ಸಣ್ಣ ಊರುಗಳಲ್ಲಿ ಹೊರಬಂದ ಜನಪದದ ಕ್ಯಾಸೆಟ್ಟಿಗೆ. ಕಾಂತದ ಪುಡಿ ಲೇಪಿಸಿದ ತೆಳು ಪಟ್ಟಿ ಅದು. ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ಸುತ್ತುಗಳು ಒಂದಕ್ಕೊಂದು ಅಂಟುತ್ತವೆ. ಮಲಪ್ರಭೆ ಹುಟ್ಟುವ ಕಣಕುಂಬಿಯಿಂದ ಹಿಡಿದು ಖಾನಾಪುರದವರೆಗಿನ ಮಳೆಗಾಲ ಎಂಥದೆಂದು ಈ ಭಾಗದವರಿಗೆ ಹೇಳಬೇಕಿಲ್ಲ. ಇಪ್ಪತ್ತು-ಮೂವತ್ತು ಮಳೆಗಾಲ ಕಂಡ ಸುರುಳಿ ಅಟ್ಟದ ಮೇಲಿದ್ದರೂ ಸುರಕ್ಷಿತವಲ್ಲ. 1910ರ ನಾಟ್ಯಗೀತೆ ಇಂದು ಸ್ಪಷ್ಟವಾಗಿ ಕೇಳಿಸುತ್ತದೆ, 1990ರ ಗೀಗೀ ಪದ ಕೇಳಿಸುವುದಿಲ್ಲ ಎಂಬಂಥ ವಿಚಿತ್ರ ಪರಿಸ್ಥಿತಿ ಇದು. ಅದನ್ನು ಹಾಡಿದವರಲ್ಲಿ ಅನೇಕರು ಈಗಿಲ್ಲ. ಮುದ್ರಿಸಿದ ಕಂಪನಿಗಳ ಮೂಲಪ್ರತಿ ಕೇಳಲು ಹೋದರೆ ಕಂಪನಿಯೇ ಇಲ್ಲ.

ಉತ್ತರ ಕರ್ನಾಟಕದ ಹುಡುಗರು ಇಂದು ಜನಪದ ಧಾಟಿಯ ಡಿಜೆ ಹಾಡುಗಳನ್ನು ಊರಲ್ಲೇ ಮುದ್ರಿಸಿ ಯೂಟ್ಯೂಬಿಗೆ ಏರಿಸುತ್ತಾರೆ, ಲಕ್ಷಗಟ್ಟಲೆ ಜನ ಕೇಳುತ್ತಾರೆ. ಕ್ಯಾಸೆಟ್ ಕಾಲದ ಡಬ್ಬಿ ಅಂಗಡಿಯ ನಿಜವಾದ ಮೊಮ್ಮಕ್ಕಳು ಇವರೇ. ಅಜ್ಜನ ಕಾಲದ ಮಟ್ಟುಗಳು ಇವರ ಹಾಡಿನಲ್ಲಿ ಆಗಾಗ ತಲೆ ಹಾಕುವುದುಂಟು, ಅವು ಯಾರ ಮಟ್ಟೆಂದು ತಿಳಿಸುವ ಲೇಬಲ್ಲು ಮಾತ್ರ ಇಲ್ಲ.

ಉಳಿದ ಕ್ಯಾಸೆಟ್ಟುಗಳು ಕೆಲವು ಗುಜರಿಗೆ ಹೋಗಿವೆ, ಕೆಲವು ಹೊಲಕ್ಕೆ. ತೆನೆ ಕಟ್ಟುವ ಹೊತ್ತಿಗೆ ರೈತರು ಸುರುಳಿಯ ಕಂದು ಪಟ್ಟಿಯನ್ನು ಎಳೆದು ಗೂಟದಿಂದ ಗೂಟಕ್ಕೆ ಬಿಗಿಯುತ್ತಾರೆ. ಬಿಸಿಲಿಗೆ ಅದು ಮಿಂಚುತ್ತದೆ, ಗಾಳಿ ಬಂದಾಗ ಗುಂಯ್‌ಗುಡುತ್ತದೆ. ಆ ಸದ್ದಿಗೆ ಗುಬ್ಬಿಗಳು ಭತ್ತದ ಹತ್ತಿರ ಬರುವುದಿಲ್ಲ.